ಹೊಲಕ್ಕೊಂದು, ಒಣಗಾಕೊಂದು

ಕಪಾಟು ಸ್ವಚ್ಛ ಮಾಡುವ ಉತ್ಸಾಹ ನನ್ನ ಹೆಂಡತಿಗೆ ವರ್ಷಕ್ಕೊಮ್ಮೆ ಬರುತ್ತದೆ. ಅದು ಬಂದ ದಿನ ನಾನು ಮನೆಯಲ್ಲಿ ಇರಬಾರದು ಎಂಬುದು ಗೊತ್ತಿದ್ದರೂ ಪ್ರತಿ ಸಲ ಹೇಗೋ ಇದ್ದುಬಿಡುತ್ತೇನೆ. ಈ ಸಲವೂ ಹಾಗೇ ಆಯಿತು. ಚಹಾ ಕುಡಿದು ಪೇಪರ್ ಬಿಡಿಸುವಷ್ಟರಲ್ಲಿ ಮಂಚದ ಮೇಲೆ ನನ್ನ ಜೀನ್ಸ್ ಪ್ಯಾಂಟುಗಳೆಲ್ಲ ರಾಶಿ ಬಿದ್ದಿದ್ದವು.

“ಇದರಾಗ ನಿಮಗ ಖರೇನ ಬೇಕಾದುವು ಎಷ್ಟು? ಆರಿಸಿ ಇಡ್ರಿ. ಉಳಿದದ್ದು ಯಾರಿಗರೆ ಕೊಡೂಣು” ಎಂದು ಹೇಳಿ ಅವಳು ಅಡುಗೆಮನೆಗೆ ಹೋದಳು.

ಒಂದೊಂದೇ ಪ್ಯಾಂಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಇದು ಮಗ ಕೊಡಿಸಿದ್ದು, ಕೊಡುವ ಹಾಗಿಲ್ಲ. ಇದರ ಗುಂಡಿ ಹತ್ತದೆ ಎಷ್ಟೋ ದೀಪಾವಳಿ ಕಳೆದವು. ನಾಳೆಯಿಂದ ವಾಕಿಂಗ್ ಹಚ್ಚಿದರೆ ಬಂದೀತೆಂಬ ಆಸೆಯಿಂದ ಇಟ್ಟದ್ದು, ಆಸೆಯನ್ನು ಯಾರಿಗಾದರೂ ಕೊಡಲಾದೀತೆ? ನಿವೃತ್ತ ಹೈಸ್ಕೂಲ್ ಮಾಸ್ತರನೊಬ್ಬನಿಗೆ ಎಷ್ಟು ಜೀನ್ಸ್ ಬೇಕು ಎಂದು ಯಾರಾದರೂ ಎಲ್ಲಾದರೂ ಬರೆದಿಟ್ಟಿದ್ದರೆ ಎಷ್ಟು ಅನುಕೂಲವಾಗುತ್ತಿತ್ತು! ಹೀಗೆ ಯೋಚಿಸುತ್ತ ಕುಳಿತವನು ಯಾವ ಮಾಯದಲ್ಲೋ ಗುಡಗೇರಿ ಸ್ಟೇಷನ್ನಿನ ಹಿಂದಿನ ಬೇವಿನ ಗಿಡದ ಬುಡಕ್ಕೆ ಹೋಗಿ ನಿಂತುಬಿಟ್ಟೆ. ನೀವೂ ಬನ್ನಿ. ಹೆಂಡತಿ ಕರೆಯುವವರೆಗೆ ಹೊತ್ತಿದೆ.

ಎಂಬತ್ತರ ದಶಕದ ನಡುವಿನ ಮಾತು. ನಮ್ಮೂರು ಗುಡಗೇರಿಗೆ ನಡೆದು ಹೋಗುವಷ್ಟು ದೂರದ ಹಳ್ಳಿ, ಕುಂದಗೋಳ ತಾಲೂಕಿನ ಅಪ್ಪಟ ಎರೆಭೂಮಿ. ನಾನು ಹುಬ್ಬಳ್ಳಿಯಲ್ಲಿ ಬಿ.ಎ. ಓದುತ್ತಿದ್ದೆ. ಬೆಳಿಗ್ಗೆ ಗುಡಗೇರಿಗೆ ನಡೆದು ಪ್ಯಾಸೆಂಜರ್ ರೈಲು ಹಿಡಿಯುವುದು, ಸಂಜೆ ಅದೇ ದಾರಿಯಲ್ಲಿ ಬರುವುದು. ಆ ರೈಲಿನ ಬಾಗಿಲಲ್ಲಿ ಒಂದು ಕಾಲು ಮಡಚಿ ನಿಲ್ಲುವ ಹುಡುಗರ ಗುಂಪೊಂದಿತ್ತು. ಅವರೆಲ್ಲ ಜೀನ್ಸಿನವರು. ನಾನು ಟೆರಿಕಾಟಿನವನು, ಒಳಗೆ ಮುದುಕರ ನಡುವೆ ಕೂಡುತ್ತಿದ್ದೆ. ಜೀನ್ಸ್ ಇಲ್ಲದವನು ಬಾಗಿಲಲ್ಲಿ ನಿಲ್ಲಬಾರದೆಂದು ಯಾರೂ ಹೇಳಿರಲಿಲ್ಲ. ನಾನೇ ಹಾಗೆ ತಿಳಿದುಕೊಂಡಿದ್ದೆ.

ಅವ್ವನ ಮುಂದೆ ತಿಂಗಳುಗಟ್ಟಲೆ ಮುಖ ಊದಿಸಿಕೊಂಡು ಓಡಾಡಿದ ಮೇಲೆ, ಮೆಣಸಿನಕಾಯಿ ಮಾರಲು ಹುಬ್ಬಳ್ಳಿಗೆ ಬಂದ ಅಪ್ಪ ನನ್ನನ್ನು ಅಂಗಡಿಗೆ ಕರೆದುಕೊಂಡು ಹೋದ. ಅಂಗಡಿಯವನು ಮಡಚಿದ ಜೀನ್ಸನ್ನು ಮೇಜಿನ ಮೇಲೆ ಇಟ್ಟಾಗ ಧಪ್ ಎಂದು ಸದ್ದಾಯಿತು. ಅಪ್ಪ ಅದನ್ನು ಹೆಬ್ಬೆರಳಿನಿಂದ ತಿಕ್ಕಿದ, ಎರಡೂ ಕೈಯಿಂದ ಜಗ್ಗಿದ, ಕೊನೆಗೆ ಮೂಗಿನ ಹತ್ತಿರ ಹಿಡಿದ.

“ಇದು ತಾಡಪತ್ರಿ ಅಲ್ಲೇನೋ ತಮ್ಮಾ? ರಾಶಿ ಮ್ಯಾಲೆ ಮುಚ್ಚತಾರಲ್ಲ ಅದು?”

“ಅಲ್ರಿ ಯಜಮಾನ್ರ, ಜೀನ್ಸ್ ಐತ್ರಿ. ಹರಿಯೂ ಮಾತ ಇಲ್ರಿ.”

ಆ ಕೊನೆಯ ಮಾತು ಅಪ್ಪನ ಮನಸ್ಸಿಗೆ ಹಿಡಿಸಿತು. ಹೊರಗೆ ಬಂದಾಗ ನಾನು ಮೆಲ್ಲಗೆ, “ಎಲ್ಲಾರ ಹತ್ರ ಎರಡೆರಡ ಅದಾವ್ರಿ ಅಪ್ಪಾ” ಎಂದೆ. ಅಪ್ಪ ನನ್ನ ಮುಖವನ್ನೇ ನೋಡಿದ. “ಹರಿಯೂದ ಇಲ್ಲ ಅಂದಮ್ಯಾಲೆ ಎರಡನೇದು ಯಾತಕ್ಕಲೇ?” ಎಂದ. ತರ್ಕಶಾಸ್ತ್ರ ಓದುತ್ತಿದ್ದ ನಾನು ಪೊಟ್ಟಣ ಬಗಲಲ್ಲಿಟ್ಟುಕೊಂಡು ಅಪ್ಪನ ಹಿಂದೆ ನಡೆದೆ. ಇನ್ನೂ ಬೆಳೆಯುವ ವಯಸ್ಸೆಂದು ಅಪ್ಪ ಉದ್ದ ಬೇರೆ ಹೆಚ್ಚಿಗೆ ತೆಗೆದುಕೊಂಡಿದ್ದ. ಕೆಳಗೆ ಅಗಲವಾಗಿ ಮಡಚಿಕೊಂಡೇ ನಾನು ಬಾಗಿಲ ಹುಡುಗರ ಗುಂಪು ಸೇರಿದೆ. ಮೊಳಕಾಲಿಗೆ ಹರಿದಿದ್ದ ಹಳೆಯ ಟೆರಿಕಾಟು ಅವ್ವನ ಕೈಯಲ್ಲಿ ಸಂತೆಯ ಚೀಲವಾಯಿತು.

ಆ ಒಂದು ಪ್ಯಾಂಟು ಮನೆಯಲ್ಲಿ ಎಬ್ಬಿಸಿದ ಗದ್ದಲ ಅಷ್ಟಿಷ್ಟಲ್ಲ. ಮೊದಲ ಸಲ ಅವ್ವ ಅದನ್ನು ಅಪ್ಪನ ಧೋತರಗಳ ಜೊತೆ ನೆನೆಹಾಕಿದಳು. ಮರುದಿನ ಅಪ್ಪ ತಿಳಿನೀಲಿ ಧೋತರ ಉಟ್ಟು ಕಟ್ಟೆಗೆ ಹೋಗಿ ಕುಳಿತ. ಕಟ್ಟೆಯ ಮೇಲಿನವರು ಅದು ಹೊಸ ಫ್ಯಾಶನ್ ಇರಬೇಕೆಂದು ಏನೂ ಕೇಳಲಿಲ್ಲವಂತೆ. ಒಗೆಯುವಾಗ ನೀರು ಕುಡಿದು ಅದು ಎಮ್ಮೆಕರುವಿನಷ್ಟು ಭಾರವಾಗುತ್ತಿತ್ತು. ಒಂದು ತುದಿ ಅವ್ವ, ಇನ್ನೊಂದು ತುದಿ ಅಕ್ಕ ಹಿಡಿದು ಹಿಂಡಬೇಕು. ಇನ್ನು ಮಳೆಗಾಲದಲ್ಲಿ ನಮ್ಮ ಎರೆಮಣ್ಣು ನಿಮಗೆ ಗೊತ್ತಿರಬಹುದು: ಹೆಜ್ಜೆಗೊಂದು ಸೇರು ಮಣ್ಣು ಕಾಲಿಗೆ ಮೆತ್ತಿಕೊಂಡು, ನಡೆಯುತ್ತ ನಡೆಯುತ್ತ ಮನುಷ್ಯನೇ ಎತ್ತರವಾಗುತ್ತಾನೆ. ಅದಕ್ಕೆ ನಾನು ಪ್ಯಾಂಟನ್ನು ಚೀಲದಲ್ಲಿಟ್ಟು ತಲೆಯ ಮೇಲೆ ಹೊತ್ತು, ಚಡ್ಡಿಯಲ್ಲಿ ಗುಡಗೇರಿಯವರೆಗೆ ನಡೆದು, ಸ್ಟೇಷನ್ನಿನ ಹಿಂದೆ ಬೇವಿನ ಗಿಡದ ಮರೆಯಲ್ಲಿ ಕಾಲು ತೊಳೆದು ಅದನ್ನು ಏರಿಸುತ್ತಿದ್ದೆ. ಆ ಗಿಡದ ಹಿಂದಿನಿಂದ ಹೊರಬರುವಾಗಿನ ನನ್ನ ಗತ್ತನ್ನು ನೀವು ನೋಡಬೇಕಿತ್ತು.

ಈಗ ಅಕ್ಕನ ವಿಷಯಕ್ಕೆ ಬರುತ್ತೇನೆ. ನಿಜ ಹೇಳಬೇಕೆಂದರೆ ಇದು ಅವಳದೇ ಕಥೆ, ನನ್ನದು ಪ್ಯಾಂಟು ಮಾತ್ರ.

ಸುವರ್ಣಕ್ಕ ನನಗಿಂತ ಮೂರು ವರ್ಷ ದೊಡ್ಡವಳು. ಎಸ್.ಎಸ್.ಎಲ್.ಸಿ. ಪಾಸಾದ ಮೇಲೆ ಅವಳನ್ನು ಮುಂದೆ ಓದಿಸಲಿಲ್ಲ. ಎರಡು ಕಡೆಯವರು ಬಂದು ಅವಳನ್ನು ನೋಡಿ ಹೋಗಿದ್ದರು. ಒಬ್ಬರು ದನಿ ದೊಡ್ಡದು ಎಂದರು, ಇನ್ನೊಬ್ಬರು ಕೈ ಒರಟು ಎಂದರು. ಎರಡೂ ನಿಜ. ಹೊಲದ ಈ ತುದಿಯಿಂದ ಆ ತುದಿಗೆ ಮಾತಾಡಿ ಬೆಳೆದವಳ ದನಿ ಹೇಗಿರಬೇಕು? ನಮ್ಮ ಮನೆಯಲ್ಲಿ ಒಂದು ಕೆಂಪು ಟ್ರ್ಯಾಕ್ಟರ್ ಇತ್ತು, ಅದನ್ನು ಹೊಡೆಯಲು ದಾವಲಸಾಬ ಎಂಬ ಡ್ರೈವರ್ ಇದ್ದ. ಅವನಿಗೆ ಬುತ್ತಿ ಒಯ್ಯುತ್ತಿದ್ದ ಅಕ್ಕ ಅವನು ಉಣ್ಣುವ ಹೊತ್ತಿನಲ್ಲಿ ಸೀಟಿನ ಮೇಲೆ ಕುಳಿತು, ಮೊದಲು ಗೇರು, ಆಮೇಲೆ ಕ್ಲಚ್ಚು, ಆಮೇಲೆ ಇಡೀ ಟ್ರ್ಯಾಕ್ಟರನ್ನೇ ಕಲಿತಳು. ಹಿಂದೆ ಟ್ರೇಲರ್ ಕಟ್ಟಿಕೊಂಡು ಸಂದಿಯೊಳಗೆ ರಿವರ್ಸ್ ಹೊಡೆಯುವುದು ಎಂಥ ಗಂಡಸಿಗೂ ಬೆವರು ಬಿಡಿಸುವ ಕೆಲಸ. ಅಕ್ಕ ಹಿಂದೆ ತಿರುಗಿ ನೋಡುತ್ತ, ತುಟಿಯಲ್ಲಿ ಸೂಜಿ ಕಚ್ಚಿ ಹೊಲಿಯುವವಳಂತೆ, ಒಂದೇ ಸಲಕ್ಕೆ ಒಳಗೆ ತಂದು ನಿಲ್ಲಿಸುತ್ತಿದ್ದಳು. ನಾನೂ ಒಮ್ಮೆ ಹೊಡೆಯಲು ಹೋಗಿದ್ದೆ. ಮೇವಿನ ಬಣವೆಯೊಳಗೆ ಅರ್ಧ ಟ್ರ್ಯಾಕ್ಟರ್ ಹೋಗಿ ನಿಂತಿತು. ಆಮೇಲೆ ಯಾರೂ ನನಗೆ ಹೊಡೆ ಎನ್ನಲಿಲ್ಲ.

ಆ ವರ್ಷ ಬೇಸಿಗೆಯ ಕೊನೆಗೆ ದಾವಲಸಾಬನಿಗೆ ಬಸ್ಸಿನ ಡ್ರೈವರ್ ನೌಕರಿ ಸಿಕ್ಕಿತು. ಅವನು ಹೋದ ಕೆಲವೇ ದಿನಕ್ಕೆ ಅಪ್ಪನಿಗೆ ಹರ್ನಿಯಾ ಆಪರೇಷನ್ ಆಯಿತು. ಮೂರು ತಿಂಗಳು ಟ್ರ್ಯಾಕ್ಟರ್ ಮುಟ್ಟಬಾರದು ಎಂದು ಡಾಕ್ಟರು ಹೇಳಿ ಕಳಿಸಿದರು. ಅಪ್ಪ ಮನೆಗೆ ಬಂದು ಹೊರಸಿನ ಮೇಲೆ ಮಲಗಿದ, ಮಿರಗದ, ಅಂದರೆ ಮೃಗಶಿರಾ ನಕ್ಷತ್ರದ ಮಳೆ ಬಂತು. ಎಂಥ ಮಳೆ! ಭೂಮಿ ಹದಕ್ಕೆ ಬಂದಿತ್ತು. ಬೇರೆ ಡ್ರೈವರುಗಳೆಲ್ಲ ತಮ್ಮ ತಮ್ಮ ಹೊಲಗಳಲ್ಲಿದ್ದರು. ಎರೆಹೊಲದ ಹದ ಬಹಳ ದಿನ ಕಾಯುವುದಿಲ್ಲ. ಆಗ ಹರಗಿ ಮಣ್ಣು ಸಡಿಲ ಮಾಡದಿದ್ದರೆ ಆಮೇಲೆ ಕಲ್ಲಿನಂಥ ಹೆಂಟೆಯೊಂದಿಗೆ ಗುದ್ದಾಡಬೇಕು. ಅಪ್ಪ ಮಲಗಿದಲ್ಲೇ ಊರಿನ ಬೇರೆ ಟ್ರ್ಯಾಕ್ಟರುಗಳ ಸದ್ದು ಕೇಳುತ್ತ, ಅದು ಯಾರ ಹೊಲ, ಇದು ಯಾರ ಹೊಲ ಎಂದು ಗೊಣಗುತ್ತಿದ್ದ.

“ನಾ ಹೊಡೀತೀನ್ರಿ ಅಪ್ಪಾ” ಎಂದಳು ಅಕ್ಕ.

“ಹೆಣ್ಣಮಗಳು ನೀ. ಮಂದಿ ಏನಂದಾರು?”

“ಮಂದಿ ಬಂದು ನಮ್ಮ ಹೊಲಾ ಹರಗಿ ಕೊಡ್ತಾರೇನ್ರಿ?”

ಅಪ್ಪ ಗೋಡೆಯ ಕಡೆ ಹೊರಳಿದ. ಹೊಲಿಗೆ ಹಾಕಿದ ಹೊಟ್ಟೆಯವರು ಹಾಗೆ ಹೊರಳಬಾರದಿತ್ತು. ಆದರೆ ನಮ್ಮ ಮನೆಯಲ್ಲಿ ಅಪ್ಪ ಗೋಡೆಯ ಕಡೆ ಹೊರಳಿದನೆಂದರೆ ಒಪ್ಪಿದ ಎಂದು ಅರ್ಥ.

ಮರುದಿನ ಅಕ್ಕ ಸೀರೆಯನ್ನೇ ಕಚ್ಚೆ ಕಟ್ಟಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹೊಲಕ್ಕೆ ಹೋದಳು. ಅವ್ವ ಬುತ್ತಿ ಹೊತ್ತು ಹಿಂದೆ, ಅವಳ ಹಿಂದೆ ನೀರಿನ ಕೊಡ ಹೊತ್ತು ನಾನು. ನಾವು ಒಡ್ಡಿನ ಮೇಲೆ ಕುಳಿತಿದ್ದೆವು. ಮಧ್ಯಾಹ್ನದ ಹೊತ್ತಿಗೆ ಅರ್ಧ ಹೊಲ ಮುಗಿದಿತ್ತು. ಅಂಚಿನಲ್ಲಿ ಟ್ರ್ಯಾಕ್ಟರ್ ತಿರುಗಿಸುವಾಗ ಕಚ್ಚೆ ಸಡಿಲಾಗಿ ಸೀರೆ ಬ್ರೇಕಿನ ಪೆಡಲ್ಲಿಗೆ ಸುತ್ತಿಕೊಂಡಿತು. ಅಕ್ಕ ಕಾಲು ಕೊಡವಿದಷ್ಟೂ ಬಿಗಿಯಿತು. ಟ್ರ್ಯಾಕ್ಟರ್ ನಿಲ್ಲದೆ ಒಡ್ಡು ಹತ್ತಿ, ಆ ಕಡೆಯ ಇಳಿಜಾರಿಗೆ ಇಳಿದು, ಓರೆಯಾಗಿ ಒಂದು ಬನ್ನಿಗಿಡಕ್ಕೆ ಒರಗಿ ನಿಂತಿತು. ಆ ಗಿಡ ಅಲ್ಲಿ ಇಲ್ಲದಿದ್ದರೆ ಕೆಳಗೆ ಹಳ್ಳ.

ನಾನು ಕೊಡ ಎತ್ತಿ ಹಾಕಿ ಕಿರುಚಿದೆ. ಅವ್ವ ಕಿರುಚಲಿಲ್ಲ. ಬುತ್ತಿಯ ಜೊತೆ ತಂದಿದ್ದ ಕುಡುಗೋಲು ಹಿಡಿದು ಓಡಿದಳು, ಅಕ್ಕನ ಕಾಲಿಗೆ ಸುತ್ತಿದ ಸೀರೆಯನ್ನು ಪರಪರ ಕೊಯ್ದು ಅವಳನ್ನು ಕೆಳಗಿಳಿಸಿದಳು. ತಾನು ಹೊದ್ದ ಟವೆಲ್ಲನ್ನು ಅವಳ ಸೊಂಟಕ್ಕೆ ಸುತ್ತಿ ಮನೆಗೆ ಕರೆತಂದಳು. ಟ್ರ್ಯಾಕ್ಟರನ್ನು ಬಾಜೂಕಿನ ಹೊಲದವರು ಎಳೆದು ತಂದು ಮನೆಯ ಮುಂದೆ ನಿಲ್ಲಿಸಿದರು. ಸಂಜೆ ಅವ್ವ ರೊಟ್ಟಿ ಬಡಿಯಲು ಕುಳಿತಳು. ರೊಟ್ಟಿ ಅಂಚಿಗೆಲ್ಲ ಹರಿದು ಹೋಗುತ್ತಿತ್ತು. ಅರ್ಧಕ್ಕೆ ಬಿಟ್ಟು ಎದ್ದಳು, ಒಳಗೆ ಹೋದಳು, ನನ್ನ ಟ್ರಂಕಿನ ಮುಚ್ಚಳ ತೆಗೆದ ಸದ್ದು ಕೇಳಿಸಿತು. ಹೊರಗೆ ಬಂದಾಗ ಅವಳ ಕೈಯಲ್ಲಿ ನನ್ನ ಜೀನ್ಸ್ ಇತ್ತು.

“ಸುವರ್ಣಾ, ನಾಳೆ ಇದನ್ನ ಹಾಕ್ಕೊಂಡು ಹೋಗು.”

“ಯವ್ವಾ! ಮುಂದಿನ ವಾರ ಕಾಲೇಜ್ ಚಾಲೂ ಆಗತೈತಿ. ನಾ ಏನ್ ಹಾಕ್ಕೊಳ್ಳಿ?”

“ಪಾಯಜಾಮಾ ಐತಲ್ಲ.”

“ಕಾಲೇಜಿಗೆ ಪಾಯಜಾಮಾ?”

“ರೈಲಿನ್ಯಾಗ ನಿನ್ನ ಕಾಲಬುಡಕ ಬ್ರೇಕ್ ಇರತೈತೇನಲೇ?” ಎಂದಳು ಅವ್ವ. ಆಕೆಯ ಕಣ್ಣು ನೋಡಿ ನಾನು ಪಾಯಜಾಮಾ ಹುಡುಕಲು ಎದ್ದೆ. ಅಪ್ಪ ಮತ್ತೊಮ್ಮೆ ಗೋಡೆಯ ಕಡೆ ಹೊರಳಿದ.

ಹೇಳಲು ಈಗಲೂ ಸಂಕಟವಾಗುತ್ತದೆ, ಆ ಪ್ಯಾಂಟು ನನಗಿಂತ ಅಕ್ಕನಿಗೇ ಚೆಂದ ಒಪ್ಪಿತು. ಅವಳು ಎತ್ತರದವಳು, ಕೆಳಗಿನ ಮಡಿಕೆ ಬಿಚ್ಚಿದರೆ ಉದ್ದ ಸರಿಯಾಯಿತು. ಮೇಲೆ ಅಪ್ಪನ ತುಂಬುದೋಳಿನ ಅಂಗಿ, ತಲೆಗೆ ಬಿಗಿಯಾಗಿ ಸುತ್ತಿದ ಟವೆಲ್ಲು. ಅವಳು ಬೆಳಿಗ್ಗೆ ಟ್ರ್ಯಾಕ್ಟರ್ ಹೊಡೆದುಕೊಂಡು ಓಣಿಯಲ್ಲಿ ಹೋಗುವಾಗ ಕಟ್ಟೆಯ ಮೇಲಿದ್ದ ಚನ್ನಪ್ಪಕಾಕಾ, “ಏ ದಾವಲಸಾಬಾ, ಯಾವಾಗ ಬಂದ್ಯೋ? ನೌಕರಿ ಬಿಟ್ಟಿ?” ಎಂದು ಕೂಗಿದ.

“ದಾವಲಸಾಬ ಅಲ್ರಿ ಕಾಕಾ, ನಾ ಸುವರ್ಣಾ!”

ಚನ್ನಪ್ಪಕಾಕಾ ಊರಿಗೆಲ್ಲ ಬುದ್ಧಿ ಹೇಳುವ ಹಿರಿಯ. ಅಂದು ಸಂಜೆಯೇ ನಮ್ಮ ಮನೆಗೆ ಬಂದು ಅಪ್ಪನ ಹೊರಸಿನ ಬಾಜೂಕ ಕುಳಿತ. “ಶಿವಪ್ಪಾ, ಲಗ್ನದ ಹುಡುಗಿಗೆ ಗಂಡಸೂರ ಅರಿವಿ ತೊಡಿಸಿದಿ. ನಾಳೆ ಬೀಗರು ಬಂದ್ರ ಏನ್ ಹೇಳ್ತಿ?” ಎಂದು ಶುರು ಮಾಡಿ ಕತ್ತಲಾಗುವವರೆಗೆ ಮಾತಾಡಿದ. ಅವ್ವ ಚಹಾ ಕೊಟ್ಟು ಕಳಿಸಿದಳು. ಮೂರನೆಯ ದಿನ ಅದೇ ಕಾಕಾ ನಮ್ಮ ಅಂಗಳದಲ್ಲಿ ನಿಂತಿದ್ದ. ಅವನ ಒಂದು ಎತ್ತು ಕುಂಟುತ್ತಿತ್ತು, ಹದ ಹೋಗುತ್ತಿತ್ತು.

“ಸುವರ್ಣಾ, ನಮ್ಮ ಹಳ್ಳದ ಆಚೀಕಿನ ಹೊಲಾ ಅಷ್ಟು ಹರಗಿ ಕೊಡವಾ.”

“ಬರ್ತೀನ್ರಿ ಕಾಕಾ. ಆದ್ರ ನಾ ಬರೂದು ಪ್ಯಾಂಟ್ ಹಾಕ್ಕೊಂಡು.”

“ನಿನ್ನ ಪ್ಯಾಂಟ್ ಕಟಗೊಂಡು ನಾ ಏನ್ ಮಾಡ್ಲಿ? ನನಗ ಹೊಲಾ ಹರಗಿದ್ರ ಸಾಕು” ಎಂದು ಕಾಕಾ ತಲೆ ತುರಿಸಿಕೊಂಡ. ಅಲ್ಲಿಗೆ ಊರಿನೊಳಗಿನ ಮಾತು ಮುಗಿಯಿತು.

ನಾನು ಪಾಯಜಾಮದಲ್ಲಿ ಕಾಲೇಜಿಗೆ ಹೋದೆ. ಬಾಗಿಲ ಹುಡುಗರು ನನ್ನನ್ನು ನೋಡಿ ಮುಖ ತಿರುಗಿಸಿದರು. ಆದರೆ ಕಾಲೇಜಿನಲ್ಲಿ ಅದನ್ನು ಏನೋ ತತ್ವ ಎಂದು ತಿಳಿದು, ಗಂಭೀರ ಹುಡುಗ ಎಂದು ನನ್ನನ್ನು ಚರ್ಚಾಸ್ಪರ್ಧೆಗೆ ಹಾಕಿದರು. ಮುಂದೆ ನಾನು ಮಾಸ್ತರನಾಗುವುದಕ್ಕೆ ಆ ಪಾಯಜಾಮವೂ ಒಂದು ಕಾರಣ ಇರಬಹುದು.

ಊರಿನೊಳಗಿನ ಮಾತು ಮುಗಿದರೂ ಊರಾಚೆಯದು ಉಳಿದಿತ್ತು. ಅಣ್ಣಿಗೇರಿಯಿಂದ ಒಂದು ಸಂಬಂಧ ಬಂತು. ಒಳ್ಳೆಯ ಮನೆತನ, ಹೊಲವಿದೆ, ಹುಡುಗ ಶಂಕ್ರಪ್ಪ ಕಾಳಿನ ವ್ಯಾಪಾರ ಮಾಡುತ್ತಾನೆ, ತಂದೆ ಇಲ್ಲ, ತಾಯಿ ಗುರಸಿದ್ದವ್ವನವರೇ ಎಲ್ಲ ನೋಡುತ್ತಾರೆ ಎಂದು ಕೇಳಿದ್ದೆವು. ಒಂದು ಭಾನುವಾರ ಮಧ್ಯಾಹ್ನ ಬರುತ್ತೇವೆಂದು ಹೇಳಿ ಕಳಿಸಿದರು. ಇದು ಮೂರನೆಯ ಕಡೆ. ಹೊರಗೆ ಏನೂ ತೋರಿಸದಿದ್ದರೂ ಅಕ್ಕ ಶನಿವಾರ ಕೈಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕುಳಿತಿದ್ದಳು. ಕಲ್ಲಿಗೆ ಎಣ್ಣೆ ತಿಕ್ಕಿದಂತೆ ಕಂಡರೂ ನಾನು ನಗಲಿಲ್ಲ.

ಅವ್ವ ಎಲ್ಲರಿಗೂ ಕೆಲಸ ಹಂಚಿದಳು. ಶನಿವಾರದ ಮಳೆಗೆ ಟ್ರ್ಯಾಕ್ಟರ್ ಹಳ್ಳದ ಆಚೆ ಚನ್ನಪ್ಪಕಾಕಾನ ಹೊಲದಲ್ಲೇ ನಿಂತಿತ್ತು. ಬೆಳಿಗ್ಗೆ ಅಕ್ಕ ಅದನ್ನು ತಂದು ಬೀಗರಿಗೆ ಕಾಣದಂತೆ ಬಣವೆಯ ಹಿಂದೆ ನಿಲ್ಲಿಸಿ, ಮಿಂದು, ಇಳಕಲ್ ಸೀರೆ ಉಟ್ಟು ತಯಾರಾಗಬೇಕು. ನಾನು ಗುಡಗೇರಿಗೆ ಹೋಗಿ ಅವರನ್ನು ಬಸ್ಸಿನಲ್ಲಿ ಕರೆತರಬೇಕು. “ಟ್ರ್ಯಾಕ್ಟರ್ ಸುದ್ದಿ ತಗಿಬ್ಯಾಡ. ಬಾಯಿ ಬಿಗಿ ಹಿಡಿ” ಎಂದು ನನಗೆ ಎಚ್ಚರಿಕೆ ಬೇರೆ.

ಅವರು ಹೇಳಿದ್ದಕ್ಕಿಂತ ಮೊದಲಿನ ರೈಲಿಗೇ ಬಂದಿಳಿದರು. ಮೂರು ಜನ: ದೊಡ್ಡ ಕುಪ್ಪಸದ, ಹಣೆತುಂಬ ವಿಭೂತಿಯ ಗುರಸಿದ್ದವ್ವನವರು, ಬಿಳಿ ಅಂಗಿಯ ಶಂಕ್ರಪ್ಪ, ಅವನ ಸೋದರಮಾವ, ಬಾಯಲ್ಲಿ ಸದಾ ಎಲೆ-ಅಡಿಕೆ. ಬಸ್ಸಿನಲ್ಲಿ ಗುರಸಿದ್ದವ್ವನವರು ನನ್ನ ಬಾಜೂಕ ಕುಳಿತರು. ಎಡಗೈ ಸೆರಗಿನೊಳಗೇ ಇತ್ತು. “ನಿಮ್ಮಕ್ಕ ಹೆಂಗೋ ತಮ್ಮಾ?” ಎಂದು ಕೇಳಿದರು.

ಬಾಯಿ ಬಿಗಿ ಹಿಡಿ ಎಂದಿದ್ದಳು ಅವ್ವ. ನಾನು ಚರ್ಚಾಸ್ಪರ್ಧೆಯವನು. “ಅಗದಿ ಸೌಮ್ಯ ಸ್ವಭಾವರೀ. ದನಿ ಎತ್ತಿ ಮಾತಾಡೂದ ಇಲ್ರಿ. ಹೊಸ್ತಲಾ ದಾಟಿ ಹೊರಗ ಬರೂದಿಲ್ರಿ. ದಿನಾ ಕಸೂತಿ ಹಾಕ್ಕೋಂತ ಕುಂತಿರತಾಳ್ರಿ” ಎಂದು ಹೇಳುತ್ತ ಹೋದೆ. ಸೋದರಮಾವ ಮೆಚ್ಚಿ ತಲೆದೂಗುತ್ತಿದ್ದ. ಗುರಸಿದ್ದವ್ವನವರು ಮಾತ್ರ ಯಾಕೋ ಕಿಟಕಿಯ ಹೊರಗೆ ನೋಡತೊಡಗಿದರು.

ನಮ್ಮೂರ ಹಳ್ಳದ ಹತ್ತಿರ ಬಸ್ಸು ಹೂತಿತು. ಹಿಂದಿನ ದಿನ ಮಳೆಯಾಗಿ ದಾರಿ ಜಿಗಿಜಿಗಿಯಾಗಿತ್ತು. ಹಿಂದಿನ ಗಾಲಿ ತಿರುಗಿದಷ್ಟೂ ಒಳಗಿಳಿಯಿತು. ಎಲ್ಲರೂ ಕೆಳಗಿಳಿದರು. ಗಂಡಸರು ನೂಕಿದರು, ಮುಖತುಂಬ ಕೆಸರು ಸಿಡಿಯಿತೇ ಹೊರತು ಬಸ್ಸು ಕದಲಲಿಲ್ಲ. ಆಗ ಹಳ್ಳದ ಆಚೆಯಿಂದ ಟ್ರ್ಯಾಕ್ಟರಿನ ಸದ್ದು ಬಂತು. ಊರಿನವರಿಗೆಲ್ಲ ಸಂತೋಷ, ನಾನು ಮಾತ್ರ ಒಂದು ಹೆಜ್ಜೆ ಹಿಂದಿಟ್ಟೆ. ದಿಬ್ಬ ಹತ್ತಿ ಬಂದ ಟ್ರ್ಯಾಕ್ಟರಿನ ಮೇಲೆ ಮೊದಲು ನಾನು ಗುರುತು ಹಿಡಿದದ್ದು ಅಕ್ಕನನ್ನಲ್ಲ, ನನ್ನ ಪ್ಯಾಂಟನ್ನು.

“ಏ ಅಣ್ಣಾ, ಸರಪಳಿ ಐತೇನು?” ಎಂದು ಕೂಗಿದ ಕಂಡಕ್ಟರ್.

“ಐತ್ರಿ! ಹಿಂದಕ ಸರೀರಿ ಎಲ್ಲಾರೂ! ಮುಂದಿನಿಂದ ಜಗ್ಗೂಣು!”

ಆ ದನಿ ಹಳ್ಳದ ಎರಡೂ ದಂಡೆಗೆ ಬಡಿದು ಬಂತು. ಸೋದರಮಾವನ ದವಡೆ ಜಗಿಯುವುದನ್ನು ನಿಲ್ಲಿಸಿತು. ಅಕ್ಕ ನಮ್ಮ ಕಡೆ ನೋಡಲೇ ಇಲ್ಲ. ಟ್ರ್ಯಾಕ್ಟರನ್ನು ರಿವರ್ಸ್ ತಂದಳು, ಕೆಸರಿನಲ್ಲಿ ಧುಮುಕಿ ಸರಪಳಿ ಬಿಗಿದಳು, ಮತ್ತೆ ಹತ್ತಿ ಕುಳಿತು ಸಾವಕಾಶವಾಗಿ ಕ್ಲಚ್ ಬಿಟ್ಟಳು. ಟ್ರ್ಯಾಕ್ಟರಿನ ಮೂತಿ ಒಮ್ಮೆ ಮೇಲೆದ್ದಿತು. ನೆರೆದವರು ಹೋ ಎಂದರು. ಅವಳು ತಡೆದಳು, ಸ್ವಲ್ಪ ಓರೆ ತಿರುಗಿಸಿದಳು, ಮತ್ತೆ ಬಿಟ್ಟಳು. ಬಸ್ಸು ದೊಡ್ಡ ನಿಟ್ಟುಸಿರು ಬಿಟ್ಟಂತೆ ಮೇಲೆದ್ದು ಬಂತು.

ಗುರಸಿದ್ದವ್ವನವರು ಸೀರೆ ಎತ್ತಿ ಹಿಡಿದು, ಕೆಸರು ತುಳಿಯುತ್ತ ಟ್ರ್ಯಾಕ್ಟರಿನ ಹತ್ತಿರ ಹೋದರು.

“ಯಾರ ಮಗಳವಾ ನೀ?”

“ಶಿವಪ್ಪನವರ ಮಗಳ್ರಿ. ಸುವರ್ಣಾ.” ಆಗ ಅವಳ ಕಣ್ಣು ನನ್ನ ಮೇಲೆ ಬಿತ್ತು, ನನ್ನ ಬಾಜೂಕ ನಿಂತ ಬಿಳಿ ಅಂಗಿಯ ಮೇಲೆ ಬಿತ್ತು. ತಲೆಯ ಟವೆಲ್ಲಿಗೆ ಕೈ ಹೋಯಿತು. ಅಷ್ಟು ದೊಡ್ಡ ಬಸ್ಸನ್ನು ಎಳೆದವಳ ಮುಖ ಆ ಕ್ಷಣ ಹೇಗೆ ಬಾಡಿತೆಂದರೆ, ನಾನು ನೋಡಲಾರದೆ ಹಳ್ಳದ ನೀರು ನೋಡಿದೆ.

“ಏನೋ ತಮ್ಮಾ, ಹೊಸ್ತಲಾ ದಾಟೂದಿಲ್ಲ ಅಂದ್ಯಲ್ಲ?” ಎಂದರು ಗುರಸಿದ್ದವ್ವನವರು.

“ಮನಿಯಿಂದ ಹೊಲಾ ಸಮೀಪ ಐತ್ರಿ...” ಎಂದೇನೋ ಅಂದೆ.

ಸೋದರಮಾವ ಕೆಸರಿಗೆ ಎಲೆ-ಅಡಿಕೆ ಉಗುಳಿ, “ಯಕ್ಕಾ, ನಡೀ, ಹಿಂದಕ ಹೋಗೂಣು. ಹಿಂಥಾ ಹುಡುಗಿ ನಮಗ ಬ್ಯಾಡ” ಎಂದ. ಆದರೆ ಹಿಂದಕ್ಕೆ ಹೋಗಲು ಇದ್ದದ್ದು ಅದೊಂದೇ ಬಸ್ಸು, ಅದು ಮೊದಲು ನಮ್ಮೂರಿಗೆ ಹೋಗಿಯೇ ತಿರುಗಬೇಕು. ಹೀಗಾಗಿ ಬಂದರು. ದಾರಿಯುದ್ದಕ್ಕೂ ಟ್ರ್ಯಾಕ್ಟರ್ ಬಸ್ಸಿನ ಮುಂದೆ ಮುಂದೆ ಹೋಗುತ್ತಿತ್ತು.

ಹಳ್ಳದ ಹತ್ತಿರ ಏನಾಯಿತೆಂದು ನಾನು ಹೇಳುವ ಮೊದಲೇ ಮನೆಯಲ್ಲಿ ಅವ್ವನಿಗೆ ತಿಳಿಯಿತು. ಅವಲಕ್ಕಿಯ ತಾಟು ತರುವಾಗ ಅಕ್ಕ ಇಳಕಲ್ ಸೀರೆಯಲ್ಲಿದ್ದಳು. ಅವಸರದಲ್ಲಿ ತೊಳೆದ ಮುಖ, ಕಿವಿಯ ಹಿಂದೆ ಕೆಸರು ಹಾಗೇ ಉಳಿದಿತ್ತು. ಜಮಖಾನೆಯ ಮೇಲೆ ಕುಳಿತಳು. ಅಪ್ಪ ಹೊರಸಿನ ಮೇಲೆ ಎದ್ದು ಕುಳಿತು ಏನೋ ವಿವರಣೆ ಕೊಡಲು ಹೊರಟ. ಸೋದರಮಾವ ಗಡಿಯಾರ ನೋಡುತ್ತ, ಶಾಸ್ತ್ರಕ್ಕೆಂಬಂತೆ, “ಅಡಗಿ-ಪಡಗಿ ಬರ್ತೈತೇನವಾ?” ಎಂದ.

“ನೀ ಸುಮ್ನಿರೋ” ಎಂದರು ಗುರಸಿದ್ದವ್ವನವರು. ಅಕ್ಕನ ಕಡೆ ತಿರುಗಿದರು. “ಆ ಥರದ ಪ್ಯಾಂಟ್ ನಿನ್ನ ಹತ್ರ ಎಷ್ಟು ಅದಾವ?”

ಅಕ್ಕ ತಲೆ ಎತ್ತಿದಳು. “ಒಂದ ಐತ್ರಿ. ಅದೂ ನಂದಲ್ರಿ, ತಮ್ಮಂದು.”

“ಒಂದು ಹೆಂಗ ಸಾಲತೈತಿ? ಇವತ್ತು ಆ ಪರಿ ಕೆಸರಾತು. ಒಗದು ಹಾಕಿದ್ರ ನಾಳೆ ಏನ್ ಹಾಕ್ಕೊಳ್ತಿ? ಎರಡರೆ ಬೇಕು. ಹೊಲಕ್ಕೊಂದು, ಒಣಗಾಕೊಂದು.”

ಅವರು ತಮಾಷೆ ಮಾಡುತ್ತಿದ್ದಾರೆಂದೇ ನಾನು ತಿಳಿದೆ. ಆಗ ಅವರು ಸೆರಗಿನೊಳಗಿಂದ ಎಡಗೈ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಎರಡು ಬೆರಳು ಇರಲಿಲ್ಲ.

“ಗೋದಿ ರಾಶಿ ನಡದಿತ್ತು. ಕಾಳು ಒಕ್ಕೂ ಮಷಿನ್ನಿನ ಪಟ್ಟಾಕ ನನ್ನ ಸೆರಗು ಸಿಕ್ತು. ಸೆರಗು ಬಿಟ್ಟಿದ್ರ ಅದಷ್ಟ ಹೋಗ್ತಿತ್ತು. ಆದ್ರ ಬಾಜೂಕ ಗಂಡಸೂರು ನಿಂತಿದ್ರು, ಹೆಂಗ ಬಿಡ್ಲಿ? ಹಿಡದು ಜಗ್ಗಿದೆ. ಮಷಿನ್ ಸೆರಗೂ ಬಿಡಲಿಲ್ಲ, ಬಟ್ಟೂ ಬಿಡಲಿಲ್ಲ.” ಅವ್ವನನ್ನು ನೋಡಿದರು. “ಈಕಿಗೆ ಪ್ಯಾಂಟ್ ಹಾಕ್ಕೋ ಅಂತ ಯಾರು ಅಂದ್ರು? ನೀವ ಏನ್ರಿ?”

ಅವ್ವ ಬಾಗಿಲ ಮರೆಯಲ್ಲಿ ನಿಂತಿದ್ದಳು. ಹೌದೆಂದು ತಲೆ ಆಡಿಸಿದಳು. “ಕುಡುಗೋಲಲೆ ಸೀರಿ ಕೊಯ್ದು ಇಳಿಸಿದೆ ನೋಡ್ರಿ ಅವತ್ತು...” ಎಂದವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಷ್ಟು ದಿನ ತಡೆದಿಟ್ಟ ಅಳು ಅಂದು ಬಂತು. ಗುರಸಿದ್ದವ್ವನವರು ಎದ್ದು ಹೋಗಿ ಅವಳ ಬಾಜೂಕ ನಿಂತರು. ಇಬ್ಬರೂ ಒಳಗೆ ಹೋದರು. ಹೊರಗೆ ಉಳಿದ ನಾವು ಗಂಡಸರು ಅವಲಕ್ಕಿಯಲ್ಲಿನ ಶೇಂಗಾ ಆರಿಸುತ್ತ ಕುಳಿತೆವು.

ಅಕ್ಕ ಮಾತ್ರ ಹಾಗೆ ಕೂಡುವವಳಲ್ಲ. ಅವಳ ಮುಖಕ್ಕೆ ಬಣ್ಣ ಮರಳಿ ಬಂದಿತ್ತು. ನೇರವಾಗಿ ಶಂಕ್ರಪ್ಪನನ್ನೇ ಕೇಳಿದಳು. “ನಿಮ್ಮ ಮನ್ಯಾಗ ಟ್ರ್ಯಾಕ್ಟರ್ ಐತೇನ್ರಿ?”

“ಐತ್ರಿ. ನಿಂತ ಐತ್ರಿ. ಒಮ್ಮೆ ನಾ ಹೊಡದಿದ್ದೆ, ದನದ ಕೊಟಗಿ ಗ್ವಾಡಿಗೆ ಹೋತು.”

ಬಣವೆಯ ನೆನಪಾಗಿ ನನಗೆ ಆ ಮನುಷ್ಯನ ಮೇಲೆ ತಮ್ಮನ ಪ್ರೀತಿಯೇ ಹುಟ್ಟಿತು.

“ಕಲೀಬೇಕಂತ ಅನಸಲಿಲ್ಲೇನ್ರಿ?”

“ಕಲಿಸೋರು ಸಿಗಲಿಲ್ರಿ” ಎಂದ ಅವನು, ಜಮಖಾನೆಯ ಹೂವು ನೋಡುತ್ತ. “ಸಿಕ್ರ ಕಲೀತೀನ್ರಿ.”

ಆಪರೇಷನ್ ಆದಂದಿನಿಂದ ನಗದ ಅಪ್ಪ ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದ. “ಅಯ್ಯೋ, ಹೊಲಿಗಿ ಬಿಚ್ಚತಾವೋ!” ಎನ್ನುತ್ತಲೇ ನಕ್ಕ. ಬಸ್ಸು ಹಾರ್ನ್ ಹೊಡೆಯಿತು. ಸೋದರಮಾವ ಎದ್ದು ನಿಂತ. ಒಳಗಿನಿಂದ ಗುರಸಿದ್ದವ್ವನವರ ದನಿ ಕೇಳಿಸಿತು: “ಬಸ್ಸು ಹೋಗ್ಲಿ ಬಿಡೋ. ಊಟಾ ಮಾಡಿ ಟ್ರ್ಯಾಕ್ಟರ್ ಮ್ಯಾಲೆ ಹೋಗೂಣು.” ಅಂದು ಸಂಜೆ ಅವರನ್ನು ಗುಡಗೇರಿ ಸ್ಟೇಷನ್ನಿಗೆ ಬಿಟ್ಟು ಬಂದವಳು ಅಕ್ಕನೇ. ಪ್ಯಾಂಟು ಒಣಗಿರಲಿಲ್ಲ, ಹಸಿಯದನ್ನೇ ಹಾಕಿಕೊಂಡಿದ್ದಳು.

ದೀಪಾವಳಿ ಮುಗಿದ ಮೇಲೆ ಮದುವೆ ಎಂದು ನಿಶ್ಚಯವಾಯಿತು. ಅದಕ್ಕೂ ಮುಂಚೆ ಎರಡೂ ಮನೆಯವರು ಸೇರಿ ಮದುವೆಯ ಬಟ್ಟೆ ತರಲು ಹುಬ್ಬಳ್ಳಿಗೆ ಹೋದೆವು. ಗಂಟು ಹೊರುವುದು ನನ್ನ ಪಾಲಿನ ಕೆಲಸ. ಸೀರೆ ಅಂಗಡಿಯಲ್ಲಿ ಮಧ್ಯಾಹ್ನವೇ ಕಳೆಯಿತು. ಧಾರೆಯ ಸೀರೆ, ಅರಿಷಿಣದ ಸೀರೆ ಎಲ್ಲ ಆದವು. ಅಪ್ಪ ಊಟಕ್ಕೆ ಹೋಗೋಣವೆಂದ. ಗುರಸಿದ್ದವ್ವನವರು ಊಟದ ಮಾತು ಕಿವಿಗೆ ಹಾಕಿಕೊಳ್ಳದೆ ರಸ್ತೆ ದಾಟಿ ಎದುರಿನ ಗಂಡಸರ ಬಟ್ಟೆಯ ಅಂಗಡಿಗೆ ನಡೆದರು. ನಾವೆಲ್ಲ ಹಿಂದೆ.

“ಜೀನ್ಸ್ ತೋರಿಸ್ರಿ” ಎಂದರು.

“ಹುಡುಗನ್ನ ಕರಕೊಂಡು ಬಂದೀರೇನ್ರಿ ಅಮ್ಮಾರ?” ಎಂದು ಅಂಗಡಿಯವರು ಕೇಳಿದರು.

“ಹುಡುಗೀನ ಕರಕೊಂಡು ಬಂದೀನಿ. ನಮ್ಮ ಸೊಸಿ. ಎರಡು ಬೇಕು.”

ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ತಿರುಗಿ ನೋಡಿದರು. ಅಕ್ಕ ಕೆಂಪಗಾದಳು, ಆದರೆ ಹಿಂದೆ ಸರಿಯಲಿಲ್ಲ. ಒಂದೊಂದೇ ಪ್ಯಾಂಟನ್ನು ಸೀರೆಯ ಮೇಲೆಯೇ ಸೊಂಟಕ್ಕೆ ಹಿಡಿದು ಅಳತೆ ನೋಡಿದಳು, ಹೊಲಿಗೆ ಜಗ್ಗಿ ನೋಡಿದಳು, ಎರಡನ್ನು ಆರಿಸಿದಳು. ಶಂಕ್ರಪ್ಪ, “ಆ ಕರೇದು ಚಲೋ ಕಾಣ್ತೈತಿ” ಎಂದು ಮೆಲ್ಲಗೆ ಹೇಳಿದ; ಕೇಳದೆ ತಾನಾಗಿ ಅವನು ಅವಳಿಗೆ ಹೇಳಿದ ಮೊದಲ ಮಾತು ಅದು. ಅಂಗಡಿಯವರು ಎರಡನ್ನೂ ಕಾಗದದಲ್ಲಿ ಸುತ್ತಿ ದಾರ ಕಟ್ಟಿದರು. ನಾನು ಗಂಟು ಎತ್ತಿಕೊಂಡೆ. ಸೋದರಮಾವ ಆಗಲೇ ಬಾಗಿಲು ದಾಟಿದ್ದ.

ಗುರಸಿದ್ದವ್ವನವರು ಮಾತ್ರ ಕದಲಲಿಲ್ಲ. ಮೇಜಿನ ಮೇಲೆ ಉಳಿದಿದ್ದ ಒಂದು ಪ್ಯಾಂಟಿನ ಅಂಚನ್ನು ಹಿಡಿದು ಮತ್ತೆ ಮತ್ತೆ ತಿಕ್ಕುತ್ತಿದ್ದರು. ಆಮೇಲೆ, ಯಾರ ಮುಖವನ್ನೂ ನೋಡದೆ, ಮೇಲೆ ತಿರುಗುತ್ತಿದ್ದ ಫ್ಯಾನನ್ನು ಕೇಳುವವರಂತೆ, ಸಣ್ಣ ದನಿಯಲ್ಲಿ ಕೇಳಿದರು:

“ನನ್ನ ಅಳತಿದು ಸಿಗತಾವೇನು?”

ಹೊರಗೆ ಸೋದರಮಾವ ಕೆಮ್ಮಿದ್ದು ಕೇಳಿಸಿತು. ಅವ್ವ ನಗಬೇಕೋ ಬೇಡವೋ ತಿಳಿಯದೆ ಅಪ್ಪನನ್ನು ನೋಡಿದಳು. ಅಕ್ಕ ಕೈಚಾಚಿ, ಅಂಗಡಿಯವರ ಕೊರಳಲ್ಲಿ ಜೋತುಬಿದ್ದಿದ್ದ ಟೇಪನ್ನು ಮೆಲ್ಲಗೆ ಎಳೆದುಕೊಂಡಳು.

“ಯಾಕ ಸಿಗೂದಿಲ್ರಿ ಅತ್ತಿ? ಸಿಗತಾವು. ಸ್ವಲ್ಪ ಕೈ ಮ್ಯಾಲೆ ಎತ್ರಿ.”

ಗುರಸಿದ್ದವ್ವನವರು, ಅಷ್ಟು ಜನರ ನಡುವೆ, ಎರಡೂ ಕೈ ಮೇಲೆತ್ತಿ ನಿಂತರು.